ಪಿ.ಟಿ. ಮೇಷ್ಟ್ರ ನೆನಪಿಗೆ ಏನಾದರೂ ಮಾಡಬೇಕು ಅಂದುಕೊಂಡವರಿಗೆ

ಪಿ.ಟಿ. ಮೇಷ್ಟ್ರು ತೀರಿಕೊಂಡ ವಾರ ಹಳೆ ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ದುಡ್ಡು ಬೇಗ ಸೇರುತ್ತದೆ. ತೊಂದರೆ ಶುರುವಾಗುವುದು ಆಮೇಲೆ. ಕಮಾನು ಕಟ್ಟಿಸೋಣ ಎಂದು ಒಬ್ಬರು, ಪ್ರತಿಮೆ ಎಂದು ಇನ್ನೊಬ್ಬರು, ಹೊನಲು ಬೆಳಕಿನ ವಾಲಿಬಾಲ್ ಟೂರ್ನಮೆಂಟ್ ಎಂದು ಮತ್ತೊಬ್ಬರು. ಸಾಮಾನ್ಯವಾಗಿ ಟೂರ್ನಮೆಂಟೇ ಗೆಲ್ಲುತ್ತದೆ. ಮೊದಲ ವರ್ಷ ಶಾಮಿಯಾನ, ಮೈಕು, ಆಳೆತ್ತರದ ಟ್ರೋಫಿ, ಶಾಸಕರ ಭಾಷಣ. ಎರಡನೇ ವರ್ಷಕ್ಕೆ ತಂಡಗಳೂ ಅರ್ಧ, ಚಂದಾನೂ ಅರ್ಧ. ಮೂರನೇ ವರ್ಷ ಯಾರೂ ಸುದ್ದಿ ಎತ್ತುವುದಿಲ್ಲ.

ಇದು ಮೇಷ್ಟ್ರ ಮೇಲಿನ ಅಭಿಮಾನ ಇಳಿದದ್ದರಿಂದ ಆಗುವುದಲ್ಲ. ಸೇರಿದ ದುಡ್ಡೆಲ್ಲ ಮೊದಲ ವರ್ಷವೇ ಕರಗಿರುತ್ತದೆ. ಓಡಾಡಿದವರು ಒಬ್ಬರೋ ಇಬ್ಬರೋ, ಅಷ್ಟರಲ್ಲಿ ಅವರಿಗೆ ಬೇರೆ ಊರಿಗೆ ವರ್ಗವಾಗಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಆ ಕಾರ್ಯಕ್ರಮ ನಡೆದರೂ ನಡೆಯದಿದ್ದರೂ ಶಾಲೆಯ ಮಕ್ಕಳಿಗೆ ಏನೂ ವ್ಯತ್ಯಾಸವಾಗುವುದಿಲ್ಲ.

ಮೇಷ್ಟ್ರು ವರ್ಷವಿಡೀ ಮಾಡುತ್ತಿದ್ದ ಕೆಲಸ ಏನು ಅಂತ ನೋಡಿ. ಪ್ರಾಕ್ಟೀಸಿಗೆ ಮುಂಚೆ ಮೈದಾನದ ಕಲ್ಲು ಹೆಕ್ಕಿಸುವುದು, ಕಾಲು ಉಳುಕಿದವನಿಗೆ ಕ್ರೇಪ್ ಬ್ಯಾಂಡೇಜ್ ಸುತ್ತುವುದು, ಬಿಸಿಲೇರಿದ ಮೇಲೆ ಓಡಿಸದಿರುವುದು, ‘ಇವತ್ತು ನೀನು ಆಡಬೇಡ, ಸುಮ್ನೆ ಕೂತ್ಕೋ’ ಎಂದು ಗದರುವುದು. ಅವರ ಹೆಸರಲ್ಲಿ ಮುಂದುವರಿಯಬೇಕಾದ್ದು ಈ ಕೆಲಸ. ಟೂರ್ನಮೆಂಟ್ ಬೇಡ ಎಂದಲ್ಲ, ಅದು ಕೊನೆಗೆ ಬರಲಿ. ಮೊದಲು ದಾಖಲೆ, ಆಮೇಲೆ ನಿಧಿ, ಆಮೇಲೆ ಪ್ರಥಮ ಚಿಕಿತ್ಸೆ ಪೆಟ್ಟಿಗೆ ಮತ್ತು ಮೈದಾನ.

ಅಮೆರಿಕದ ಶಾಲೆ ಕಾಲೇಜುಗಳಲ್ಲಿ ಈ ಕೆಲಸಕ್ಕೇ ಬೇರೆ ಹುದ್ದೆ ಇದೆ. ಅಥ್ಲೆಟಿಕ್ ಟ್ರೇನರ್ ಎನ್ನುತ್ತಾರೆ. ಆಟ ಕಲಿಸುವುದು ಕೋಚ್ ಪಾಲು. ಪೆಟ್ಟಾಗದಂತೆ ನೋಡಿಕೊಳ್ಳುವುದು, ಆದಾಗ ಮೊದಲು ಓಡಿಹೋಗುವುದು, ಮತ್ತೆ ಯಾವಾಗ ಅಂಗಳಕ್ಕೆ ಇಳಿಯಬಹುದು ಎಂದು ಹೇಳುವುದು ಟ್ರೇನರ್ ಪಾಲು. 1950ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಅವರದೇ ರಾಷ್ಟ್ರೀಯ ಸಂಘ ಹುಟ್ಟಿತು. ನೆನಪನ್ನು ಕೆಲಸವಾಗಿ ತಿರುಗಿಸಿದ ಒಳ್ಳೆಯ ಉದಾಹರಣೆಯೂ ಅಲ್ಲಿಯದೇ: ಮಿನ್ನೆಸೋಟ ವೈಕಿಂಗ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಆಟಗಾರ ಕೋರಿ ಸ್ಟ್ರಿಂಗರ್ ಬಿಸಿಲಿನ ತಾಲೀಮಿನಲ್ಲಿ ಕುಸಿದು 2001ರ ಆಗಸ್ಟ್ 1ರಂದು ತೀರಿಕೊಂಡರು. 2010ರಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ ಅವರ ಹೆಸರಿನ ಸಂಸ್ಥೆ ಶುರುವಾಯಿತು. ಆಟದ ಅಂಗಳದ ದಿಢೀರ್ ಸಾವುಗಳನ್ನು ತಡೆಯುವುದು ಹೇಗೆ ಎಂಬುದೇ ಅದರ ಕಸುಬು. ನಮ್ಮ ಶಾಲೆಗಳಲ್ಲಿ ಕೋಚು, ಟ್ರೇನರು, ಬೆಳಗಿನ ಪ್ರಾರ್ಥನೆಗೆ ಸಾಲು ನಿಲ್ಲಿಸುವವರು ಎಲ್ಲ ಒಬ್ಬರೇ. ಹಾಗಾಗಿ ಅವರು ಹೋದಾಗ ಒಂದೇ ಬಾರಿಗೆ ಮೂರು ಕೆಲಸ ನಿಂತುಹೋಗುತ್ತವೆ.

ದುಡ್ಡಿಗೆ ಮುಂಚೆ ದಾಖಲೆ

ಮೊದಲು ಮನೆಯವರನ್ನು ಕೇಳಿ. ಹೆಸರು ಬಳಸುವುದಕ್ಕೆ, ಫೋಟೋ ಬಳಸುವುದಕ್ಕೆ ಅವರ ಒಪ್ಪಿಗೆ ಒಂದು ಹಾಳೆಯಲ್ಲಿ ಬರೆದಿರಲಿ. ತಿಥಿ, ವೈಕುಂಠ ಸಮಾರಾಧನೆ ಮುಗಿಯುವ ತನಕ ಫೋಟೋ, ಸರ್ಟಿಫಿಕೇಟ್ ಕೇಳಬೇಡಿ. ಆದರೆ ತಿಂಗಳಿಗಿಂತ ತಡವೂ ಬೇಡ. ಮನೆ ಖಾಲಿ ಮಾಡುವಾಗ ಹಳೇ ರಟ್ಟಿನ ಡಬ್ಬಿಗಳು ಮೊದಲು ಹೋಗುವುದು ರದ್ದಿಗೆ.

ಆಲ್ಬಮ್ಮಿಗೆ ಅಂಟಿದ ಫೋಟೋ ಕೀಳಬೇಡಿ, ಮೇಲ್ಪದರ ಕಿತ್ತು ಬರುತ್ತದೆ. ಹಾಳೆ ಸಮೇತ ಸ್ಕ್ಯಾನ್ ಮಾಡಿ. ಪಾಸ್‌ಪೋರ್ಟ್ ಸೈಜಿನಿಂದ ಪೋಸ್ಟ್‌ಕಾರ್ಡ್ ಸೈಜಿನ ತನಕದ ಫೋಟೋಗಳಿಗೆ 600 ಡಿಪಿಐ, ಪ್ರಮಾಣಪತ್ರಗಳಿಗೆ 300 ಸಾಕು. ಫೋನಿನಲ್ಲೇ ತೆಗೆಯುವುದಾದರೆ ಫ್ಲ್ಯಾಶ್ ಆರಿಸಿ, ಕಿಟಕಿಯ ಪಕ್ಕದ ನೆರಳಿನಲ್ಲಿ ಫೋಟೋ ಮಲಗಿಸಿ ನೇರ ಮೇಲಿನಿಂದ ತೆಗೆಯಿರಿ. ತಂಡದ ಗ್ರೂಪ್ ಫೋಟೋಗೆ ಎಡದಿಂದ ಬಲಕ್ಕೆ, ಸಾಲುಸಾಲಾಗಿ ಹೆಸರು ಬರೆಸಿ. ಇದನ್ನು ಇಬ್ಬರು ಬೇರೆ ಬೇರೆ ಬರೆದು ತಾಳೆ ನೋಡಬೇಕು. ಫೋಟೋ ಹಿಂದೆ ಬರೆಯುವುದಿದ್ದರೆ ಮೆತ್ತನೆಯ ಪೆನ್ಸಿಲ್. ಬಾಲ್‌ಪೆನ್ ಒತ್ತಿದರೆ ಮುಂದಿನ ಮುಖಗಳ ಮೇಲೆ ಗೆರೆ ಏಳುತ್ತದೆ.

ಹಳೆ ವಿದ್ಯಾರ್ಥಿಗಳಿಂದ ಧ್ವನಿಮುದ್ರಣ ತೆಗೆದುಕೊಳ್ಳುವಾಗ ‘ಮೇಷ್ಟ್ರ ಬಗ್ಗೆ ಎರಡು ಮಾತು’ ಎಂದು ಕೇಳಿದರೆ ಎಲ್ಲರೂ ಒಂದೇ ಭಾಷಣ ಮಾಡುತ್ತಾರೆ: ಶಿಸ್ತಿನ ಸಿಪಾಯಿ, ಹೃದಯ ಬೆಣ್ಣೆ. ಅದು ಯಾವ ಮೇಷ್ಟ್ರಿಗೂ ಹೊಂದುತ್ತದೆ. ಬೇಕಾದ್ದು ಅವರ ಪದ್ಧತಿ. ವಾರ್ಮ್‌ಅಪ್ ಯಾವ ಕ್ರಮದಲ್ಲಿ, ಎಷ್ಟು ಹೊತ್ತು? ಖೋ-ಖೋಗೆ ಆಳು ಆರಿಸುವಾಗ ಏನು ನೋಡುತ್ತಿದ್ದರು? ಜಿಲ್ಲಾ ಮಟ್ಟಕ್ಕೆ ಹೋಗುವಾಗ ಚೀಲದಲ್ಲಿ ಏನೇನು ಇರುತ್ತಿತ್ತು? ಹೆಣ್ಣುಮಕ್ಕಳನ್ನು ಕಳಿಸಲು ಒಪ್ಪದ ಮನೆಗಳಿಗೆ ಹೋಗಿ ಏನು ಹೇಳುತ್ತಿದ್ದರು? ಪೆಟ್ಟಾದವರಿಗೆ ಎಷ್ಟು ದಿನ ಆಟ ನಿಲ್ಲಿಸುತ್ತಿದ್ದರು? ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಾತಾಡುವವರಿಂದ ಒಂದು ಗೇಣು ದೂರದಲ್ಲಿ ಬಟ್ಟೆಯ ಮೇಲೆ ಇಟ್ಟು, ಫ್ಯಾನ್ ಆರಿಸಿ. ಅರ್ಧ ಗಂಟೆ ಮೀರಿಸಬೇಡಿ.

ಶಾಲೆಯ ಕ್ರೀಡಾ ರಿಜಿಸ್ಟರು, ದಾಸ್ತಾನು ವಹಿ, ತಾಲ್ಲೂಕು ಕ್ರೀಡಾಕೂಟದ ಫಲಿತಾಂಶದ ಹಾಳೆಗಳನ್ನೂ ನೋಡಿ. ‘ರಾಜ್ಯ ಮಟ್ಟಕ್ಕೆ 40 ಜನ ಕಳಿಸಿದರು’ ಎಂಬಂಥ ಮಾತು ಬಾಯಿಂದ ಬಾಯಿಗೆ ಬೆಳೆಯುತ್ತದೆ. ಕಲ್ಲಿನ ಮೇಲೆ ಕೆತ್ತಿಸುವ ಯಾವ ಸಂಖ್ಯೆಗೂ ಒಂದು ಕಾಗದದ ಆಧಾರ ಇರಬೇಕು. ಇಲ್ಲದಿದ್ದರೆ ಸಂಖ್ಯೆಯೇ ಬೇಡ.

ನಿಧಿ: ಬಡ್ಡಿ ಮಾತ್ರ, ಅದರಲ್ಲೂ ಪೂರ್ತಿ ಅಲ್ಲ

ಲೆಕ್ಕವನ್ನು ಹಿಂದಿನಿಂದ ಹಾಕಿ. ವರ್ಷಕ್ಕೆ ಏನು ಖರ್ಚು? ಪ್ರಥಮ ಚಿಕಿತ್ಸೆ ಪೆಟ್ಟಿಗೆ ತುಂಬಿಸಲು 4,000, ಮೈದಾನಕ್ಕೆ 3,000, ಮಕ್ಕಳಿಗೆ ಒಂದು ದಿನದ ತರಬೇತಿಗೆ 3,000, ಬಹುಮಾನಕ್ಕೆ 2,000 ಎಂದಿಟ್ಟುಕೊಳ್ಳಿ. ಒಟ್ಟು 12,000 ರೂಪಾಯಿ. ಠೇವಣಿಗೆ ಶೇ 6.5 ಬಡ್ಡಿ ಸಿಕ್ಕರೆ 1.85 ಲಕ್ಷ ಸಾಕು ಅನಿಸುತ್ತದೆ. ಸಾಲದು. ಬಡ್ಡಿಯೆಲ್ಲ ಖರ್ಚಾದರೆ, ಬೆಲೆ ಏರಿದಂತೆ ಹತ್ತು ವರ್ಷದಲ್ಲಿ ಅದೇ 12,000ಕ್ಕೆ ಈಗಿನಷ್ಟು ಕೆಲಸ ಆಗುವುದಿಲ್ಲ. ಅಸಲಿನ ಶೇ 4ರಷ್ಟು ಮಾತ್ರ ಖರ್ಚು ಮಾಡಿ, ಉಳಿದ ಬಡ್ಡಿಯನ್ನು ಅಸಲಿಗೇ ಸೇರಿಸಿ. ಆಗ 12,000ಕ್ಕೆ 3 ಲಕ್ಷದ ದತ್ತಿ ಬೇಕು. ಸೇರಿದ್ದು ಒಂದೂವರೆ ಲಕ್ಷ ಮಾತ್ರವೇ? ಖರ್ಚನ್ನು 6,000ಕ್ಕೆ ಇಳಿಸಿ, ಬಹುಮಾನ ಬಿಟ್ಟುಬಿಡಿ, ಪೆಟ್ಟಿಗೆ ಬಿಡಬೇಡಿ.

ದುಡ್ಡು ಯಾವತ್ತೂ ಒಬ್ಬರ ಸ್ವಂತ ಖಾತೆಯಲ್ಲಿ ಇರಕೂಡದು. ಎಷ್ಟೇ ನಂಬಿಕಸ್ಥರಾದರೂ ಅವರ ಆದಾಯ ತೆರಿಗೆ ಲೆಕ್ಕಕ್ಕೆ ಆ ಬಡ್ಡಿ ಸೇರುತ್ತದೆ. ಅವರಿಗೇ ಏನಾದರೂ ಆದರೆ ಹಣ ವಾರಸುದಾರರ ಪಾಲಾಗುತ್ತದೆ. ಹಳೆ ವಿದ್ಯಾರ್ಥಿ ಸಂಘವನ್ನು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ ನೋಂದಾಯಿಸಲು ಕನಿಷ್ಠ 7 ಮಂದಿ ಬೇಕು. ಸಂಘದ ಹೆಸರಲ್ಲಿ ಪ್ಯಾನ್ ಮಾಡಿಸಿ, ಆಮೇಲೆ ಖಾತೆ ತೆರೆಯಿರಿ. ಸಹಿ ಇಬ್ಬರದು ಸೇರಿಯೇ ಆಗಬೇಕು, ಒಬ್ಬರು ಊರಲ್ಲೇ ಇರುವವರಾಗಿರಲಿ. ಪ್ರತಿ ವರ್ಷ ಲೆಕ್ಕಪತ್ರ ಮತ್ತು ಪದಾಧಿಕಾರಿಗಳ ಪಟ್ಟಿಯನ್ನು ನೋಂದಣಾಧಿಕಾರಿ ಕಚೇರಿಗೆ ಸಲ್ಲಿಸುವುದು ತಪ್ಪಿದರೆ ಕೆಲವೇ ವರ್ಷಗಳಲ್ಲಿ ತಲೆನೋವು ಶುರು. ದೇಣಿಗೆಗೆ ತೆರಿಗೆ ವಿನಾಯಿತಿ ಕೊಡಿಸುವ ಆದಾಯ ತೆರಿಗೆ ಇಲಾಖೆಯ ಮಾನ್ಯತೆ ಪಡೆಯದೆ ‘ತೆರಿಗೆ ವಿನಾಯಿತಿ ಇದೆ’ ಎಂದು ಯಾರಿಗೂ ಹೇಳಬೇಡಿ.

ಹೊರದೇಶದಲ್ಲಿರುವ ಸಹಪಾಠಿಗಳು ದುಡ್ಡು ಕಳಿಸುವಾಗ ಎಡವುವುದೇ ಹೆಚ್ಚು. ಭಾರತೀಯ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ವಂತಿಗೆ ಎನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟದ್ದು ವಿದೇಶಿ ವಂತಿಗೆಯೇ, ಅವರ ಹತ್ತಿರ ಸಾಗರೋತ್ತರ ಭಾರತೀಯರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ. ಎಫ್‌ಸಿಆರ್‌ಎ (ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ) ಅಡಿ ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಸಂಘ ಅದನ್ನು ಪಡೆಯುವಂತಿಲ್ಲ. ಆದ್ದರಿಂದ ಕಳಿಸುವ ಮುಂಚೆಯೇ ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಕೇಳಿ ಬರೆದಿಡಿ. ಸ್ನೇಹಿತರನ್ನು ಹಾಗೆ ಕೇಳಲು ಸಂಕೋಚವಾಗುತ್ತದೆ, ಕೇಳಲೇಬೇಕು.

ಪೆಟ್ಟಿಗೆ

ಸುಮಾರು 300 ಮಕ್ಕಳ ಪ್ರೌಢಶಾಲೆಗೆ ಇಷ್ಟು ಸಾಕು: 10 ಸೆಂ.ಮೀ. ಅಗಲದ ಕ್ರೇಪ್ ಬ್ಯಾಂಡೇಜ್ 6, ಮೊಣಕಾಲು ತೊಡೆಗೆ 15 ಸೆಂ.ಮೀ.ಯದು 2, ಸ್ಟೆರೈಲ್ ಗಾಜ್ 20, ರೋಲರ್ ಬ್ಯಾಂಡೇಜ್ 10, ತ್ರಿಕೋನ ಬ್ಯಾಂಡೇಜ್ 4, ಒಂದಿಂಚಿನ ಅಂಟುಪಟ್ಟಿ 3, ಗಾಯ ತೊಳೆಯಲು 500 ಮಿ.ಲೀ. ಸಲೈನ್ 2 ಬಾಟಲಿ, ಪೊವಿಡೋನ್ ಅಯೋಡಿನ್ ಒಂದು ಬಾಟಲಿ; ಒಂದು ಲೀಟರಿಗೆ ಕಲಸುವ ಓಆರ್‌ಎಸ್ ಪೊಟ್ಟಣ 10; ಕೈಗವಸು 10 ಜೊತೆ; ಮೊಂಡು ತುದಿಯ ಕತ್ತರಿ, ಚಿಮಟ; ಮುರಿದ ಕೈಕಾಲಿಗೆ ಆಸರೆ ಕೊಡಲು ದಪ್ಪ ರಟ್ಟು ಅಥವಾ ಸ್ಪ್ಲಿಂಟ್ 2. ಐಸ್ ಎಲ್ಲಿ ಸಿಗುತ್ತದೆ ಎಂಬುದೂ ಪೆಟ್ಟಿಗೆಯ ಭಾಗವೇ. ಹತ್ತಿರದ ಬೇಕರಿಯವರ ಫೋನ್ ನಂಬರನ್ನು ಮುಚ್ಚಳದ ಒಳಗೆ ಅಂಟಿಸಿ, 108ರ ಪಕ್ಕದಲ್ಲೇ.

ನೋವಿನ ಮಾತ್ರೆ ಬೇಡ. ಪೋಷಕರಿಗೆ ಗೊತ್ತಿಲ್ಲದೆ ಮಕ್ಕಳಿಗೆ ಮಾತ್ರೆ ಕೊಡುವಂತಿಲ್ಲ. ನೋವು ಮುಚ್ಚಿ ಆಡಿಸಿದರೆ ಪೆಟ್ಟು ದೊಡ್ಡದಾಗುತ್ತದೆ. ಹತ್ತಿಯನ್ನು ನೇರ ಗಾಯದ ಮೇಲೆ ಇಡಬೇಡಿ, ಎಳೆಗಳು ಅಂಟಿಕೊಳ್ಳುತ್ತವೆ. ಓಆರ್‌ಎಸ್ ಪೊಟ್ಟಣವನ್ನು ಅರ್ಧ ಮಾಡಿ ಕಲಸಬೇಡಿ. ಒಳಗಿನ ಉಪ್ಪು ಸಕ್ಕರೆ ಸಮವಾಗಿ ಬೀಳುವುದಿಲ್ಲ. ಕಲಸಿದ್ದನ್ನು 24 ಗಂಟೆ ದಾಟಿದ ಮೇಲೆ ಚೆಲ್ಲಿ.

ಪೆಟ್ಟಿಗೆ ಕೆಡುವುದು ಔಷಧಿಯಿಂದಲ್ಲ, ಬೀಗದಿಂದ. ಕೀಲಿ ಸ್ಟಾಫ್ ರೂಮಿನಲ್ಲಿ, ಸ್ಟಾಫ್ ರೂಮಿನ ಕೀಲಿ ಮುಖ್ಯ ಶಿಕ್ಷಕರ ಹತ್ತಿರ, ಮುಖ್ಯ ಶಿಕ್ಷಕರು ಬಿಇಒ ಕಚೇರಿಯ ಮೀಟಿಂಗಿನಲ್ಲಿ. ಬೀಗ ಹಾಕಲೇಬೇಡಿ. ಬದಲಿಗೆ ಮುಚ್ಚಳಕ್ಕೆ ಒಂದು ಕಾಗದದ ಪಟ್ಟಿ ಅಂಟಿಸಿ ಸಹಿ ಮಾಡಿ. ಪಟ್ಟಿ ಹರಿದಿದ್ದರೆ ಯಾರೋ ಬಳಸಿದ್ದಾರೆ, ಎಣಿಸಿ ತುಂಬಿಸಬೇಕು ಎಂದರ್ಥ. ತಿಂಗಳ ಮೊದಲ ಶನಿವಾರ 9ನೇ ತರಗತಿಯ ಇಬ್ಬರು ಮಕ್ಕಳು ಒಬ್ಬ ಶಿಕ್ಷಕರ ಜೊತೆ ಎಣಿಸಿ ವಹಿಯಲ್ಲಿ ಬರೆಯಲಿ. 10ನೆಯವರಿಗೆ ವಹಿಸಬೇಡಿ, ಡಿಸೆಂಬರ್ ದಾಟಿದರೆ ಅವರು ಸಿಗುವುದಿಲ್ಲ. ಮೇಷ್ಟ್ರ ಹೆಸರು, ಚಿಕ್ಕ ಫೋಟೋ ಈ ಪೆಟ್ಟಿಗೆಯ ಮೇಲಿರಲಿ. ಗೋಡೆಯ ಮೇಲಿನ ಕಲ್ಲಿಗಿಂತ ಇದನ್ನು ಮಕ್ಕಳು ಹೆಚ್ಚು ಸಲ ಓದುತ್ತಾರೆ.

ಪೆಟ್ಟಿಗೆಯ ಜೊತೆ ಕೈಚಳಕವೂ ಬೇಕು. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬ್ಯುಲೆನ್ಸ್‌ನವರು ಪ್ರಥಮ ಚಿಕಿತ್ಸೆ ತರಬೇತಿ ಕೊಡುತ್ತಾರೆ. ವರ್ಷಕ್ಕೊಮ್ಮೆ ಕರೆಸಿ. ಕಲಿಯಲೇಬೇಕಾದ್ದು ನಾಲ್ಕು.

ಒಂದು, ಕಣಕಾಲಿನ ಉಳುಕು. ಮೊದಲು ಪರೀಕ್ಷೆ: ನಾಲ್ಕು ಹೆಜ್ಜೆ ಹಾಕಲು ಆಗುತ್ತದೆಯೇ? ಕಣಕಾಲಿನ ಎರಡೂ ಬದಿಯ ಗುಬ್ಬಿ ಮೂಳೆಗಳ ತುದಿ ಮತ್ತು ಹಿಂಬದಿ ಅಂಚನ್ನು, ಪಾದದ ಹೊರ ಅಂಚಿನ ನಡುವಿನ ಉಬ್ಬನ್ನು ಒತ್ತಿ ನೋಡಿ. ಹೆಜ್ಜೆ ಇಡಲಾಗದಿದ್ದರೆ ಅಥವಾ ಮೂಳೆ ಒತ್ತಿದಾಗ ಚೀರಿದರೆ ಎಕ್ಸ್‌ರೇ ಆಗಲೇಬೇಕು. ಬೆಳೆಯುವ ಮಕ್ಕಳಲ್ಲಿ ಮೂಳೆ ತುದಿಯ ಬೆಳವಣಿಗೆಯ ಪದರ ಕೀಲಿನ ನಾರಿಗಿಂತ ಮೆತ್ತಗಿರುತ್ತದೆ. ದೊಡ್ಡವರಿಗೆ ಉಳುಕಾಗುವ ಪೆಟ್ಟು ಮಕ್ಕಳಿಗೆ ಮೂಳೆಯ ಪೆಟ್ಟಾಗಿರಬಹುದು. ಅದಕ್ಕೇ ಉಳುಕು ತೆಗೆಯುವವರ ಹತ್ತಿರ ನೀವಿಸಲು ಓಡಬಾರದು. ಉಳುಕೇ ಆಗಿದ್ದರೆ ಐಸನ್ನು ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ ಇಡಿ. ನೇರ ಚರ್ಮಕ್ಕೆ ಬೇಡ.

ಆಮೇಲೆ ಬ್ಯಾಂಡೇಜ್. ಪಾದ ಕಾಲಿಗೆ ಲಂಬವಾಗಿರಲಿ. ಬೆರಳು ಕೆಳಗೆ ಬಾಗಿದ ಸ್ಥಿತಿಯಲ್ಲಿ ಸುತ್ತಿದರೆ ನಿಂತ ಕೂಡಲೇ ಸಡಿಲವಾಗುತ್ತದೆ. ಬೆರಳುಗಳ ಬುಡದಲ್ಲಿ ಎರಡು ಸುತ್ತು, ಅಲ್ಲಿಂದ ಪಾದದ ಮೇಲೆ ಓರೆಯಾಗಿ ಹತ್ತಿ ಕಣಕಾಲಿನ ಹಿಂದೆ ಬಳಸಿ, ಮತ್ತೆ ಓರೆಯಾಗಿ ಇಳಿದು ಅಂಗಾಲಿನ ಕೆಳಗೆ. ಇಂಗ್ಲಿಷ್ ಎಂಟರ ಆಕಾರ. ಪ್ರತಿ ಸುತ್ತು ಹಿಂದಿನದರ ಅರ್ಧವನ್ನು ಮುಚ್ಚಬೇಕು. ಬ್ಯಾಂಡೇಜನ್ನು ಪೂರ್ತಿ ಎಳೆಯಬೇಡಿ, ಹಿಗ್ಗುವ ಶಕ್ತಿಯ ಅರ್ಧದಷ್ಟು ಸಾಕು. ಕೆಳಗೆ ಬಿಗಿ, ಮೇಲೆ ಹೋದಂತೆ ಸಡಿಲ. ಬೆರಳುಗಳು ಹೊರಗಿರಲಿ. ಹೆಬ್ಬೆರಳ ಉಗುರು ಒತ್ತಿ ಬಿಡಿ: ಬಿಳಿಚಿದ್ದು 2 ಸೆಕೆಂಡಿನಲ್ಲಿ ಕೆಂಪಾಗದಿದ್ದರೆ, ಬೆರಳು ಜುಮ್ಮೆಂದರೆ, ಬಿಚ್ಚಿ ಮತ್ತೆ ಸುತ್ತಿ. ರಾತ್ರಿ ಮಲಗುವಾಗ ಬಿಚ್ಚಲು ಹೇಳಿ.

ಎರಡು, ಬಿಸಿಲ ಹೊಡೆತ. ಓಡುತ್ತಿದ್ದ ಹುಡುಗ ತಡವರಿಸಿದರೆ, ಸಂಬಂಧವಿಲ್ಲದ್ದು ಮಾತಾಡಿದರೆ, ಕುಸಿದರೆ, ಮೈ ಸುಡುತ್ತಿದ್ದರೆ ಅನುಮಾನ ಬೇಡ. ಬೆವರು ಬರುತ್ತಿದೆ ಎಂದು ಸಮಾಧಾನಪಡಬೇಡಿ, ಓಡಿ ಬಿದ್ದವರಲ್ಲಿ ಬೆವರು ಇದ್ದೇ ಇರಬಹುದು. ಕಂಕುಳಿನ ಥರ್ಮಾಮೀಟರ್ ಒಳಗಿನ ಕಾವಿಗಿಂತ ಕಡಿಮೆ ತೋರಿಸುತ್ತದೆ, ಅದನ್ನು ನಂಬಬೇಡಿ. 108ಕ್ಕೆ ಒಬ್ಬರು ಫೋನ್ ಮಾಡುತ್ತಿರಲಿ, ಉಳಿದವರು ತಂಪು ಮಾಡಲು ಶುರು ಮಾಡಿ. ಮೊದಲು ತಂಪು, ಆಮೇಲೆ ಸಾಗಾಟ. ಅರ್ಧ ಗಂಟೆಯೊಳಗೆ ಮೈ ಕಾವು ಇಳಿಯುವುದೇ ಜೀವ ಉಳಿಸುವುದು. ತೊಟ್ಟಿಯಲ್ಲಿ ಐಸ್ ನೀರು ತುಂಬಿ ಕುತ್ತಿಗೆ ತನಕ ಕೂರಿಸುವುದು ಎಲ್ಲಕ್ಕಿಂತ ಒಳ್ಳೆಯದು, ತಲೆ ಮುಳುಗದಂತೆ ಒಬ್ಬರು ಕಂಕುಳಡಿ ಹಿಡಿದಿರಬೇಕು. ತೊಟ್ಟಿ ಇಲ್ಲದಿದ್ದರೆ ನೆರಳಲ್ಲಿ ಮಲಗಿಸಿ ಟ್ಯಾಂಕಿನ ನೀರು ಬಿಡದೆ ಸುರಿಯಿರಿ, ಒದ್ದೆ ಬಟ್ಟೆ ಹೊದಿಸಿ ಗಾಳಿ ಹಾಕಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಮೂರು, ತಲೆಗೆ ಪೆಟ್ಟು. ಕಬಡ್ಡಿಯಲ್ಲಿ ಮೊಣಕಾಲು ತಲೆಗೆ ತಾಗುವುದು ಮಾಮೂಲು. ತಲೆಸುತ್ತು, ವಾಂತಿ, ಮಂಕು, ಸ್ಕೋರು ಮರೆತದ್ದು, ಇವುಗಳಲ್ಲಿ ಒಂದಿದ್ದರೂ ಅವತ್ತು ಮತ್ತೆ ಆಡಿಸಕೂಡದು. ಫೈನಲ್ ಆದರೂ ಅಷ್ಟೇ. ಪದೇ ಪದೇ ವಾಂತಿ, ಹೆಚ್ಚುತ್ತಿರುವ ತಲೆನೋವು, ಎಚ್ಚರಿಸಲಾಗದ ನಿದ್ದೆ ಕಂಡರೆ ಆಸ್ಪತ್ರೆ. ನಾಲ್ಕು, ಉಸಿರಾಡದೆ ಬಿದ್ದವರಿಗೆ ಎದೆ ಒತ್ತುವುದು: ಎದೆಗೂಡಿನ ನಡುವೆ, ದೊಡ್ಡ ಮಕ್ಕಳಿಗೆ 5 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120. ಇದನ್ನು ಬೊಂಬೆಯ ಮೇಲೆ ಮಾಡಿಯೇ ಕಲಿಯಬೇಕು, ಓದಿ ಬರುವುದಿಲ್ಲ.

ಮೈದಾನ

ದುಡ್ಡು ಹೆಚ್ಚಿಗೆ ಇದ್ದರೆ ಕಮಾನಿನ ಬದಲು ಲಾಂಗ್‌ಜಂಪ್ ಪಿಟ್ ಸರಿಮಾಡಿಸಿ. 7 ಮೀಟರ್ ಉದ್ದ, 2.75 ಮೀಟರ್ ಅಗಲ, 30 ಸೆಂ.ಮೀ. ಆಳಕ್ಕೆ 200 ಘನ ಅಡಿಗಿಂತ ತುಸು ಹೆಚ್ಚು ಮರಳು ಬೇಕು. ಅಗ್ಗಕ್ಕೆ ಸಿಗುತ್ತದೆಂದು ಎಂ-ಸ್ಯಾಂಡ್ ಹಾಕಿಸಬೇಡಿ. ಒಡೆದ ಕಲ್ಲಿನ ಕಣಗಳು ಚೂಪು, ಒಂದು ಮಳೆಗೆ ಗಚ್ಚಿನಂತೆ ಗಟ್ಟಿಯಾಗುತ್ತದೆ. ತೊಳೆದ ಹೊಳೆ ಮರಳೇ ಬೇಕು. ಪ್ರತಿ ಸಲ ಜಿಗಿಯುವ ಮುಂಚೆ ಸಲಿಕೆಯಲ್ಲಿ ಅಗೆದು ಗಾಜು, ಕಲ್ಲು ನೋಡಬೇಕು. ಖೋ-ಖೋ ಕಂಬ ಹಾಕಿಸುವುದಾದರೆ ನೆಲದಿಂದ 120ರಿಂದ 125 ಸೆಂ.ಮೀ. ಎತ್ತರ, ನಯವಾದ ಮರದ್ದು. ಕಬ್ಬಿಣದ ಪೈಪು ನೆಟ್ಟರೆ ಮೇಲಿನ ಅಂಚು ಅಂಗೈ ಕೊಯ್ಯುತ್ತದೆ.

200 ಮೀಟರ್ ಟ್ರ್ಯಾಕ್ ಹಾಕುವ ಲೆಕ್ಕವನ್ನು ಮೇಷ್ಟ್ರು ಬಾಯಲ್ಲೇ ಹೇಳುತ್ತಿದ್ದಿರಬಹುದು, ಅವರ ನಂತರ ಬಂದವರಿಗೆ ಗೊತ್ತಿರಲೇಬೇಕೆಂದಿಲ್ಲ. ಎರಡು ನೇರ ಬದಿ 40 ಮೀಟರಿನವು, ಎರಡು ಅರ್ಧ ವೃತ್ತ. ಉಳಿದ 120 ಮೀಟರನ್ನು 6.2832ರಿಂದ (ಪೈನ ಎರಡರಷ್ಟು) ಭಾಗಿಸಿದರೆ ಓಟದ ತ್ರಿಜ್ಯ 19.10 ಮೀಟರ್. ಒಳಗಡೆ ಕಟ್ಟೆ ಇಲ್ಲದೆ ಬರೀ ಗೆರೆ ಎಳೆಯುವ ಟ್ರ್ಯಾಕಿನಲ್ಲಿ ಓಟವನ್ನು ಗೆರೆಯಿಂದ 20 ಸೆಂ.ಮೀ. ಹೊರಗೆ ಅಳೆಯುತ್ತಾರೆ, ಹಾಗಾಗಿ ಗೆರೆ ಎಳೆಯುವ ತ್ರಿಜ್ಯ 18.90. ಮೊದಲು 40ಕ್ಕೆ 37.80 ಮೀಟರಿನ ಆಯತ ಗುರುತಿಸಿ. ಮೂಲೆಯಿಂದ ಮೂಲೆಗೆ ಎರಡೂ ಕಡೆ 55.03 ಮೀಟರ್ ಬಂದರೆ ಮೂಲೆಗಳು ನೇರ. ಸ್ಟೀಲ್ ಟೇಪ್ ಬಳಸಿ. ಹಗ್ಗ ಎಳೆದಂತೆ ಹಿಗ್ಗುತ್ತದೆ. ಲೇನಿನ ಅಗಲ 1.22 ಮೀಟರ್, ಆರು ಲೇನಿಗೆ ಒಟ್ಟು ಜಾಗ ಸುಮಾರು 92.5 ಮೀಟರ್ ಉದ್ದ, 52.5 ಅಗಲ.

ಎಡವುವುದು ಸ್ಟ್ಯಾಗರ್‌ನಲ್ಲಿ, ಅಂದರೆ ಹೊರ ಲೇನಿನವರು ಹೆಚ್ಚು ಓಡದಂತೆ ಅವರ ಆರಂಭದ ಗೆರೆಯನ್ನು ಮುಂದಕ್ಕೆ ಹಾಕುವ ಅಳತೆಯಲ್ಲಿ. ಪುಸ್ತಕದಲ್ಲಿ ಎರಡನೇ ಲೇನಿಗೆ 7.04 ಮೀಟರ್ ಎಂದಿರುತ್ತದೆ. ಅದು ಕಟ್ಟೆ ಇರುವ ಟ್ರ್ಯಾಕಿನದು, ಅಲ್ಲಿ ಮೊದಲ ಲೇನನ್ನು 30 ಸೆಂ.ಮೀ. ಹೊರಗೆ ಅಳೆಯುತ್ತಾರೆ. ಬರೀ ಗೆರೆಯ ಟ್ರ್ಯಾಕಿನಲ್ಲಿ ಪೂರ್ತಿ ಸುತ್ತಿಗೆ ಪ್ರತಿ ಲೇನಿಗೂ 7.67 ಮೀಟರ್ ಮುಂದೆ: ಎರಡನೆಯದು 7.67, ಮೂರನೆಯದು 15.33, ನಾಲ್ಕು 23.00, ಐದು 30.66, ಆರು 38.33. 7.04 ಹಾಕಿದರೆ ಎರಡರಿಂದ ಆರನೇ ಲೇನಿನವರೆಲ್ಲ ಅರವತ್ತು ಸೆಂಟಿಮೀಟರಿಗಿಂತ ಹೆಚ್ಚು ಜಾಸ್ತಿ ಓಡುತ್ತಾರೆ. ಈ ಅಳತೆಗಳನ್ನು ಒಂದು ತಗಡಿನ ಹಲಗೆಗೆ ಬರೆಸಿ ಕ್ರೀಡಾ ಕೊಠಡಿಯ ಗೋಡೆಗೆ ಹಾಕಿ, ಬೇಕಾದರೆ ಮೇಷ್ಟ್ರ ಹೆಸರನ್ನು ಅದರ ಮೇಲೇ ಬರೆಸಿ.

ಗೆರೆಗೆ ಸುಣ್ಣ ಬೇಡ. ಸುಟ್ಟ ಸುಣ್ಣ ಬೆವರು ತಾಗಿದರೆ ಸುಡುತ್ತದೆ, ಅರಳಿಸಿದ್ದೂ ಕಣ್ಣಿಗೆ ಬಿದ್ದರೆ ಅಪಾಯವೇ. ರಂಗೋಲಿ ಪುಡಿ ಅಥವಾ ಚಾಕ್ ಪೌಡರ್ ಸಾಕು.

ಟೂರ್ನಮೆಂಟ್, ಕಲ್ಲು

ತೀರಿಕೊಂಡ ದಿನವೇ ಕ್ರೀಡಾಕೂಟ ಆಗಬೇಕೆಂಬ ಹಟ ಬೇಡ. ಏಪ್ರಿಲ್ ಮೇ ಆದರೆ ಶಾಲೆಯೇ ಇರುವುದಿಲ್ಲ, ಜುಲೈ ಆದರೆ ಮಲೆನಾಡಿನಲ್ಲಿ ಮೈದಾನವೇ ಇರುವುದಿಲ್ಲ. ಫೆಬ್ರವರಿ ಎಸ್ಸೆಸ್ಸೆಲ್ಸಿ ತಲೆಬಿಸಿಯ ತಿಂಗಳು. ನವೆಂಬರಿನಿಂದ ಜನವರಿಯೊಳಗೆ ಒಂದು ಶನಿವಾರ ಗೊತ್ತು ಮಾಡಿ, ಬೆಳಿಗ್ಗೆ 7ಕ್ಕೆ ಶುರುವಾಗಿ 11ಕ್ಕೆ ಮುಗಿಯಲಿ. ಭಾಷಣಗಳು ಬಹುಮಾನಕ್ಕೆ ಮುಂಚೆ ಅಲ್ಲ, ಓಟಕ್ಕೂ ಮುಂಚೆ ಅಲ್ಲ. ನೆರಳಿದ್ದಲ್ಲಿ, ಮಕ್ಕಳು ಕೂತಿದ್ದಾಗ, ಹತ್ತು ನಿಮಿಷ. ಮೂರಡಿ ಟ್ರೋಫಿಯ ದುಡ್ಡಿನಲ್ಲಿ ಓಟದ ಶೂ ಕೊಡಬಹುದು, ಆದರೆ ಕಾಲಿನ ಅಳತೆ ಮೊದಲೇ ತೆಗೆಯದೆ ತಂದರೆ ಶೂ ತಮ್ಮನ ಪಾಲಾಗುತ್ತದೆ. ಒಂದು ಬಹುಮಾನ ಆ ವರ್ಷ ಪೆಟ್ಟಿಗೆ ನೋಡಿಕೊಂಡ ಇಬ್ಬರಿಗೆ ಇರಲಿ.

ಕಲ್ಲು ಬೇಕೇ ಬೇಕು ಎಂದರೆ ಮೈದಾನಕ್ಕೆ ಕಾಲಿಡುವ ಜಾಗದಲ್ಲಿ, ಮಕ್ಕಳ ಕಣ್ಣೆತ್ತರಕ್ಕೆ. ಸರ್ಕಾರಿ ಶಾಲೆಯಾದರೆ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಠರಾವು ಮತ್ತು ಇಲಾಖೆಯ ಲಿಖಿತ ಒಪ್ಪಿಗೆ ಮೊದಲೇ ಕೈಯಲ್ಲಿರಲಿ. ಕೆತ್ತುವವರಿಗೆ ವರ್ಡ್ ಫೈಲ್ ಕೊಡಬೇಡಿ. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟು ಅವರ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಪಿಡಿಎಫ್ ಕೊಡಿ, ಸಾಲುಗಳ ನಡುವೆ ಒತ್ತಕ್ಷರಕ್ಕೆ ಜಾಗ ಬಿಡಿಸಿ, ಕೆತ್ತುವ ಮುಂಚೆ ಅಷ್ಟೇ ಅಳತೆಯ ಕಾಗದದ ಪ್ರತಿ ತೆಗೆಸಿ ಒಬ್ಬ ಕನ್ನಡ ಮೇಷ್ಟ್ರಿಗೆ ತೋರಿಸಿ. ಹೆಸರು, ಸೇವೆಯ ಅವಧಿ, ಏನು ಮಾಡಿದರು ಎಂಬ ಒಂದು ವಾಕ್ಯ. ದಾನಿಗಳ ಪಟ್ಟಿ ಬೇರೆ ಕಾಗದದಲ್ಲಿ, ಕಚೇರಿಯ ಕಡತದಲ್ಲಿ.

ಇದರಲ್ಲಿ ಬಹುಪಾಲನ್ನು ಮೇಷ್ಟ್ರು ಇರುವಾಗಲೇ ಮಾಡಬಹುದು. ಸರ್ಕಾರಿ ಸೇವೆಯಲ್ಲಿ ನಿವೃತ್ತಿ 60ಕ್ಕೆ. ಬೀಳ್ಕೊಡುಗೆಗೆ ಆರು ತಿಂಗಳು ಮುಂಚೆ ಶುರು ಮಾಡಿದರೆ ಟ್ರ್ಯಾಕಿನ ಹಲಗೆಯ ಅಳತೆಗಳನ್ನು ಅವರೇ ತಿದ್ದುತ್ತಾರೆ, ಪೆಟ್ಟಿಗೆಯಲ್ಲಿ ಏನಿರಬೇಕು ಎಂದು ಅವರೇ ಜಗಳ ಮಾಡುತ್ತಾರೆ.

ಕೊನೆಯದಾಗಿ, ದತ್ತಿಯ ಠರಾವಿನಲ್ಲಿ ಈ ಮೂರು ಮಾತು ಬರೆಸಿ. ಬಡ್ಡಿ ಇಳಿದರೆ ಯಾವ ಖರ್ಚು ಮೊದಲು ನಿಲ್ಲಬೇಕು, ಯಾವುದು ಕೊನೆಗೆ. ಶಾಲೆ ಮುಚ್ಚಿದರೆ ಅಥವಾ ಇನ್ನೊಂದರ ಜೊತೆ ಸೇರಿದರೆ ಅಸಲು ಯಾವ ಶಾಲೆಗೆ ಹೋಗಬೇಕು. ವರ್ಷಕ್ಕೊಮ್ಮೆ ಲೆಕ್ಕ ಓದುವ ಸಭೆ ಯಾವ ತಿಂಗಳು, ಯಾರು ಕರೆಯಬೇಕು. ಇಲ್ಲಿ ವ್ಯಕ್ತಿಯ ಹೆಸರು ಬೇಡ, ಹುದ್ದೆಯ ಹೆಸರು ಬರೆಯಿರಿ. ಒಂದು ಪ್ರತಿ ಬ್ಯಾಂಕಿಗೆ, ಒಂದು ಮುಖ್ಯ ಶಿಕ್ಷಕರ ಕಡತಕ್ಕೆ, ಒಂದು ಮೇಷ್ಟ್ರ ಮನೆಗೆ.